ಆರಿದ್ರಾ ಮಳೆಯಲ್ಲಿ ಬಿಸಿಲಿನ ಲೆಕ್ಕ



ನಾನು ಎಂಜಿನಿಯರ್ ಅಲ್ಲ. ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಮನೆಯ ಸೋಲಾರ್ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಾಗ, 'ತಪ್ಪು ಮನೆ ಬಾಗಿಲು ತಟ್ಟಿದಿರಲ್ಲ' ಎಂದೆ. ಆಮೇಲೆ ಯೋಚಿಸಿದರೆ, ಈ ಸೋಲಾರ್ ಅನ್ನುವುದು ಮುಕ್ಕಾಲು ಪಾಲು ಲೆಕ್ಕದ ಕೆಲಸವೇ. ಬಿಸಿಲು ಜಮೆ. ದೀಪ, ಫ್ಯಾನು, ಮಿಕ್ಸಿ ಖರ್ಚು. ಬ್ಯಾಟರಿ ನಮ್ಮ ಉಳಿತಾಯ ಖಾತೆ. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ಕು ಬರೆದುಕೊಟ್ಟವರ ಮುಖ ಹೇಗಾಗುತ್ತದೆಂದು ಸಂಘದ ಕಿಟಕಿಯಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ. ಸೋಲಾರ್ ಹಾಕಿಸಿಕೊಂಡವರ ಮುಖ ಹಾಗಾಗುವುದು ಆರಿದ್ರಾ ಮಳೆಯ ರಾತ್ರಿ ಎಂಟು ಗಂಟೆಗೆ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಬದಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಆ ಕರೆಂಟು ನಾಡಿಗೆಲ್ಲ ಹರಿಯಿತು. ನೀರಿಗೆ ಮನೆ ಗದ್ದೆ ಬಿಟ್ಟುಕೊಟ್ಟು ದಡಕ್ಕೆ ಸರಿದ ಎಷ್ಟೋ ಹಳ್ಳಿಗಳಿಗೆ ಮಾತ್ರ ಕಂಬ ಬರಲು ದಶಕಗಳೇ ಬೇಕಾದವು. ಬಂದ ಮೇಲಾದರೂ ಏನು? ತಂತಿ ಕಾಡಿನ ನಡುವೆ ಹಾದು ಬರಬೇಕು. ಮೊದಲ ಗಾಳಿಮಳೆಗೆ ಎಲ್ಲೋ ಒಂದು ಮತ್ತಿ ಮರ ಅದರ ಮೇಲೆ ಒರಗುತ್ತದೆ. ಲೈನ್‌ಮನ್‌ನನ್ನು ಬೈದು ಪ್ರಯೋಜನವಿಲ್ಲ. ಜಡಿಮಳೆಯಲ್ಲಿ, ಉಂಬಳ ಕಚ್ಚಿಸಿಕೊಳ್ಳುತ್ತಾ, ಮೈಲಿಗಟ್ಟಲೆ ಲೈನು ಹುಡುಕಿಕೊಂಡು ನಡೆಯುವವನು ಅವನೊಬ್ಬನೇ. ಎರಡು ದಿನ, ಮೂರು ದಿನ ಕರೆಂಟಿಲ್ಲದೆ ಕೂರುವುದು ನಮಗೆ ಸುದ್ದಿಯೇ ಅಲ್ಲ.

ಹಾಗಾಗಿ ನಮ್ಮ ಕಡೆ ಸೋಲಾರ್ ಬಂದದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ, ಕತ್ತಲೆಯ ಕಾಟದಿಂದ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಕಂಪನಿ ಶುರುಮಾಡಿದರು. ಹಳ್ಳಿಯವರಿಗೆ ಬ್ಯಾಂಕಿನಿಂದ ಸಾಲ ಕೊಡಿಸಿ ಎರಡು ದೀಪ, ನಾಲ್ಕು ದೀಪದ ಸೋಲಾರ್ ಸೆಟ್ಟು ಹಾಕಿಸಬಹುದೆಂದು ಕರ್ನಾಟಕದಲ್ಲಿ ಮಾಡಿ ತೋರಿಸಿದವರಲ್ಲಿ ಅವರು ಮೊದಲಿಗರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಕಡೆಯವರಿಗೆ ತಮ್ಮ ಮನೆಯ ದೀಪಕ್ಕೇ ಬಂದಷ್ಟು ಖುಷಿ.

ನಾನು ಮೊದಲ ಸೆಟ್ಟು ತಂದದ್ದು ಮಾತ್ರ ಪೇಟೆಯ ಒಂದು ಅಂಗಡಿಯಿಂದ, ಅಗ್ಗಕ್ಕೆ. ನಾಲ್ಕು ದೀಪ, ಮಾಡಿನ ಮೇಲೆ ಒಂದು ಸಣ್ಣ ಪ್ಯಾನೆಲ್, ಜಗಲಿಯ ಮೂಲೆಯಲ್ಲಿ ಒಂದು ಬ್ಯಾಟರಿ. ದೀಪಾವಳಿಗೆ ಹಾಕಿಸಿದ್ದು. ಅಮ್ಮ ಮೊದಲ ದಿನ ಆ ಬೆಳಕಿನಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ, 'ಚಿಮಣಿ ದೀಪ ಇನ್ನು ಅಟ್ಟಕ್ಕೆ ಹಾಕೋ' ಎಂದಳು. ಶಿವರಾತ್ರಿ, ಯುಗಾದಿ, ಎಲ್ಲವೂ ಸುಸೂತ್ರ. ಆರಿದ್ರಾ ಮಳೆ ಹಿಡಿಯಿತು. ದೀಪ ಐದು ಗಂಟೆ ಉರಿಯುತ್ತಿದ್ದದ್ದು ಎರಡಕ್ಕೆ ಇಳಿಯಿತು. ಪುಷ್ಯ ಮಳೆಗೆ ಅರ್ಧ ಗಂಟೆ. ಮಘೆಯಲ್ಲಿ ಹೊಳವಾಗಿ ಬಿಸಿಲು ಬಂದರೂ ಬ್ಯಾಟರಿ ಮೇಲೇಳಲೇ ಇಲ್ಲ. ಅಮ್ಮ ತಾನೇ ಅಟ್ಟದ ಮೆಟ್ಟಿಲು ಹತ್ತಿ ಚಿಮಣಿ ದೀಪ ತಂದು, ಏನೂ ಹೇಳದೆ ಒರೆಸಿಟ್ಟಳು.

ಆಮೇಲೆ ತಿಳಿದವರೊಬ್ಬರು ನೋಡಿ ನಕ್ಕರು. ನನಗೆ ಕೊಟ್ಟಿದ್ದು ಕಾರಿನ ಬ್ಯಾಟರಿ. ಕಾರಿನ ಬ್ಯಾಟರಿಗೆ ಇರುವುದು ಒಂದೇ ಕೆಲಸ, ಎಂಜಿನ್ನನ್ನು ಒಂದು ಸಲ ಜೋರಾಗಿ ತಿರುಗಿಸಿ ಬಿಡುವುದು. ಅದರೊಳಗಿನ ಸೀಸದ ತಟ್ಟೆಗಳು ತೆಳ್ಳಗಿರುತ್ತವೆ. ದಿನಾ ಸಂಜೆ ನಿಧಾನವಾಗಿ ತಳದವರೆಗೆ ಬರಿದು ಮಾಡಿದರೆ ಅವು ತಾಳುವುದಿಲ್ಲ. ಮನೆಗೆ ಬೇಕಾದದ್ದು ಟ್ಯೂಬುಲರ್ ಬ್ಯಾಟರಿ, ದಪ್ಪ ತಟ್ಟೆಯದ್ದು.

ಆದರೆ ತಪ್ಪೆಲ್ಲ ಅಂಗಡಿಯವನದ್ದೂ ಅಲ್ಲ. ಎರಡನೆಯ ಸಲ ಒಳ್ಳೆಯ ಟ್ಯೂಬುಲರ್ ತಂದೆ, ಅದೂ ಮೂರು ಮಳೆಗಾಲಕ್ಕೆ ಮಲಗಿತು. ಯಾಕೆಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು, ಮಲೆನಾಡಿನವರು ಇದನ್ನು ಗಮನವಿಟ್ಟು ಕೇಳಬೇಕು. ಸೀಸ-ಆಸಿಡ್ ಬ್ಯಾಟರಿ ಖಾಲಿಯಾದಾಗ ಅದರ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಪೂರ್ತಿ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಏನು ಮಾಡಿದರೂ ಜಗ್ಗುವುದಿಲ್ಲ. ಅಂದರೆ ಈ ಬ್ಯಾಟರಿಗೆ ಉಪವಾಸವಷ್ಟೇ ಅಲ್ಲ, ದಿನಾ ಅರೆಹೊಟ್ಟೆಯೂ ಕೆಟ್ಟದ್ದು. ನಮ್ಮಲ್ಲಿ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅದಕ್ಕೆ ಸಿಗುವುದೇ ಅರೆಹೊಟ್ಟೆ. ಒಳ್ಳೆಯ ಬ್ಯಾಟರಿಯೂ ನಮ್ಮಲ್ಲಿ ಮೂರೇ ವರ್ಷಕ್ಕೆ ಹೋಗುವುದು ಇದರಿಂದ. ಕಂಪನಿ ಬದಲಾಯಿಸಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ, ಕರೆಂಟು ಇದ್ದಾಗ, ವಾರಕ್ಕೊಮ್ಮೆಯಾದರೂ ಲೈನಿನಿಂದ ಅದನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಬೇಕು. ಅದಕ್ಕೆ ಬಿಸಿಲನ್ನೂ ಲೈನನ್ನೂ ಎರಡನ್ನೂ ತೆಗೆದುಕೊಳ್ಳುವ ಇನ್ವರ್ಟರ್ ಬೇಕು. 'ನಮಗೆ ಸೋಲಾರ್ ಇದೆ, ಲೈನ್ ಕರೆಂಟು ಯಾಕೆ' ಎಂಬ ಹಟ ಮಲೆನಾಡಿನಲ್ಲಿ ನಡೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಇದ್ದವರು ಬರೆದುಕೊಳ್ಳಿ, ಇಲ್ಲದವರು ಸುಮ್ಮನೆ ಕೇಳಿ. ನನ್ನ ಮನೆಯ ಒಂದು ದಿನದ ಖರ್ಚು, ವ್ಯಾಟನ್ನು ಗಂಟೆಯಿಂದ ಗುಣಿಸಿದ ವ್ಯಾಟ್-ಅವರ್ ಲೆಕ್ಕದಲ್ಲಿ, ಹೀಗೆ. ಒಂಬತ್ತು ವ್ಯಾಟಿನ ಆರು ಎಲ್‌ಇಡಿ ಬಲ್ಬು, ಐದು ಗಂಟೆ: 270. ಟೀವಿ 60 ವ್ಯಾಟಿನದ್ದು, ಮೂರು ಗಂಟೆ: 180. ಮೊಮ್ಮಗನ ಇಂಟರ್ನೆಟ್ ಪೆಟ್ಟಿಗೆ ಹತ್ತೇ ವ್ಯಾಟು, ಆದರೆ ಇಪ್ಪತ್ನಾಲ್ಕು ಗಂಟೆ: 240. ಮಿಕ್ಸಿ 750 ವ್ಯಾಟು ಎಂದು ಹೆದರುತ್ತಾರೆ, ತಿರುಗುವುದು ಹತ್ತು ನಿಮಿಷ: 125. ಫ್ರಿಜ್ಜು ದಿನಕ್ಕೆ ಸುಮಾರು ಒಂದು ಯೂನಿಟ್ಟು, ಅಂದರೆ 1000. ಫ್ಯಾನು ಮೂರು, ಎಂಟು ಗಂಟೆ. ಇಲ್ಲಿ ನಿಲ್ಲಿ. ಹಳೆಯ ಫ್ಯಾನು 75 ವ್ಯಾಟಿನದ್ದಾದರೆ 1800. ಈಗಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನದ್ದಾದರೆ 720. ವ್ಯತ್ಯಾಸ ಒಂದು ಯೂನಿಟ್ಟಿಗಿಂತ ಹೆಚ್ಚು. ಆ ಒಂದು ಯೂನಿಟ್ಟನ್ನು ಕೂಡಿಡುವ ಬ್ಯಾಟರಿಯ ಕ್ರಯದ ಮುಂದೆ ಮೂರು ಫ್ಯಾನಿನ ಕ್ರಯ ಏನೂ ಅಲ್ಲ. ಅದಕ್ಕೇ ನಾನು ಈಗಿನ ಪ್ಯಾನೆಲ್ ತರುವ ಮೊದಲು ಫ್ಯಾನು ಬದಲಾಯಿಸಿದೆ. ಊರವರು, 'ಮದುವೆಗೆ ಮುಂಚೆ ತೊಟ್ಟಿಲು ಕಟ್ಟಿದ ಹಾಗಾಯ್ತು ಮಾರಾಯ' ಎಂದು ತಮಾಷೆ ಮಾಡಿದರು.

ಎಲ್ಲ ಕೂಡಿದರೆ 2535, ಎಂದರೆ ಎರಡೂವರೆ ಯೂನಿಟ್ಟು. ಲೆಕ್ಕ ಮುಗಿಯಿತೆಂದುಕೊಂಡಿದ್ದೆ. ತಿಂಗಳ ಕೊನೆಗೆ ತಾಳೆ ಬೀಳಲಿಲ್ಲ. ದಿನಾ ಮುಕ್ಕಾಲು ಯೂನಿಟ್ಟು ಎಲ್ಲೋ ಸೋರುತ್ತಿತ್ತು. ಸಂಘದಲ್ಲಿ ನಾಲ್ಕಾಣೆ ವ್ಯತ್ಯಾಸ ಬಂದರೂ ಊಟ ಸೇರದವನಿಗೆ ಇದು ಸುಮ್ಮನಿರುವ ವಿಷಯವೇ? ಕೊನೆಗೆ ಕಳ್ಳ ಸಿಕ್ಕಿದ್ದು ಇನ್ವರ್ಟರ್ ಒಳಗೇ. ಅದು ಚಾಲೂ ಇರುವುದಕ್ಕೇ ಸುಮಾರು 30 ವ್ಯಾಟು ತಿನ್ನುತ್ತದೆ, ಮನೆಯಲ್ಲಿ ಒಂದು ದೀಪವೂ ಉರಿಯದಿದ್ದರೂ. ಇಪ್ಪತ್ನಾಲ್ಕು ಗಂಟೆಗೆ 720. ಮೂರು ಫ್ಯಾನು ಎಂಟು ಗಂಟೆ ತಿರುಗಿದ್ದಕ್ಕೂ ಇನ್ವರ್ಟರ್ ಸುಮ್ಮನೆ ಕೂತದ್ದಕ್ಕೂ ಒಂದೇ ಖರ್ಚು! ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವಾಗ ನೀವೇ ಕೇಳಬೇಕು. ದೊಡ್ಡ ಇನ್ವರ್ಟರ್ ತಂದರೆ ಈ ಕೂತುಣ್ಣುವ ಖರ್ಚೂ ಸಾಮಾನ್ಯವಾಗಿ ದೊಡ್ಡದೇ. ಹಾಗಾಗಿ 'ಮುಂದಕ್ಕೆ ಇರಲಿ' ಎಂದು ಬೇಡದ ಗಾತ್ರ ತರಬೇಡಿ.

ಜಮೆಯ ಕಡೆ ನೋಡಿದರೆ, ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಮಾರಾಟದ ಹಾಳೆಯಲ್ಲಿ ಅಚ್ಚು ಹಾಕುವುದು ಆ ಸರಾಸರಿಯನ್ನೇ. ಸರಾಸರಿಯನ್ನು ನಂಬಿ ಹೊಳೆ ದಾಟಲು ಹೋಗಬಾರದು. ನನ್ನ ಮಾಡಿನ ಮೇಲೆ ಈಗ ಎರಡು ಕಿಲೋವ್ಯಾಟ್ ಇದೆ. ಫೆಬ್ರುವರಿ, ಮಾರ್ಚಿನಲ್ಲಿ ಒಂಬತ್ತು ಯೂನಿಟ್ಟು ಬಂದ ದಿನಗಳಿವೆ. ಪುಷ್ಯ ಮಳೆ ಮೂರು ದಿನ ಬಿಡದೆ ಹೊಡೆದಾಗ ದಿನಕ್ಕೆ ಒಂದೂವರೆ, ಎರಡು. ನಮ್ಮ ಪುಣ್ಯಕ್ಕೆ ಆ ತಿಂಗಳು ಫ್ಯಾನು ಬೇಡ. ಕಂಬಳಿ ಸಾಕು, ಅದಕ್ಕೆ ಕರೆಂಟು ಬೇಕಿಲ್ಲ.

ಇನ್ನೊಂದು ತಮಾಷೆಯ ಸಂಗತಿ ಇದೆ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಸೆಕೆ ಅಲ್ಲ. ಬಿಸಿಯೇರಿದಷ್ಟೂ ಅದರ ಉತ್ಪತ್ತಿ ತಗ್ಗುತ್ತದೆ, ಒಂದೊಂದು ಡಿಗ್ರಿಗೆ ಶೇಕಡಾ 0.4ರ ಹತ್ತಿರ. ಏಪ್ರಿಲ್‌ನ ಉರಿಬಿಸಿಲಿಗಿಂತ ಜನವರಿಯ ತಣ್ಣನೆಯ ತಿಳಿಬಿಸಿಲು ಅದಕ್ಕೆ ಇಷ್ಟ. ಅದಕ್ಕೇ ಹಂಚಿಗೆ ಒತ್ತಿ ಕೂರಿಸದೆ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸುವುದು. ಮುಖ ದಕ್ಷಿಣಕ್ಕೆ, ಇಳಿಜಾರು ಊರಿನ ಅಕ್ಷಾಂಶದಷ್ಟು. ಸಾಗರಕ್ಕೆ ಹದಿನಾಲ್ಕು ಡಿಗ್ರಿ. ತೀರ ಚಪ್ಪಟೆ ಇಟ್ಟರೆ ಮಳೆನೀರು ಕೆಳಅಂಚಿನಲ್ಲಿ ನಿಂತು ಪಾಚಿ ಕಟ್ಟುತ್ತದೆ.

ನೆರಳಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತೋಟದ ನಡುವೆ ಮನೆ ಕಟ್ಟಿಕೊಂಡವರಿಗೆ ನೆರಳೇ ಸುಖ, ಸೋಲಾರ್‌ಗೆ ನೆರಳೇ ಶತ್ರು. ಪ್ಯಾನೆಲ್ ಒಳಗಿನ ಚೌಕಗಳು ಸಾಲಾಗಿ, ಒಂದರ ಬಾಲಕ್ಕೆ ಒಂದು ಕಟ್ಟಿದ ಗಾಡಿಗಳಂತೆ ಇರುತ್ತವೆ. ಒಂದು ನಿಂತರೆ ಸಾಲೇ ನಿಂತಿತು. ಹಾಗಾಗಬಾರದೆಂದು ಸಾಮಾನ್ಯವಾಗಿ ಪ್ಯಾನೆಲ್ಲನ್ನು ಮೂರು ಭಾಗ ಮಾಡಿ, ನಿಂತ ಭಾಗವನ್ನು ಬಿಟ್ಟು ಕರೆಂಟು ಮುಂದೆ ಹೋಗಲು ಡಯೋಡ್ ಇಟ್ಟಿರುತ್ತಾರೆ. ಅಂದರೂ ನಮ್ಮ ಬಾವಿಕಟ್ಟೆಯ ತೆಂಗಿನ ಮರದ ಒಂದೇ ಒಂದು ಗರಿ, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಒಂದು ಪ್ಯಾನೆಲ್ಲಿನ ಮೂರನೇ ಒಂದು ಪಾಲು ನುಂಗುತ್ತಿತ್ತು. ಗರಿ ಆಡಿದ ಹಾಗೆ ಮೀಟರಿನ ಅಂಕಿ ಏರಿಳಿಯುವುದನ್ನು ನೋಡುತ್ತಾ ಒಂದು ಭಾನುವಾರ ಬೆಳಿಗ್ಗೆ ಪೂರ್ತಿ ಕಳೆದಿದ್ದೇನೆ. ಮರ ಕಡಿಯಲು ಮನೆಯವಳು ಬಿಡಲಿಲ್ಲ. ಕೊನೆಗೆ ಪ್ಯಾನೆಲ್ಲನ್ನೇ ಆರು ಅಡಿ ಪಡುವಣಕ್ಕೆ ಸರಿಸಿದೆ. ನೀವು ಹಾಕಿಸುವ ಮೊದಲೇ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ ಮಾಡಿನ ಮೇಲೆ ನೆರಳು ಎಲ್ಲಿ ಬೀಳುತ್ತದೆಂದು ನೋಡಿ, ಅದೂ ಡಿಸೆಂಬರಿನಲ್ಲಿ. ಆಗ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಮಾಡು ಪೂರ್ತಿ ನೆರಳಾದರೆ ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ. ಅಡಿಕೆ ಒಣಗುವ ಜಾಗ ಅಂದರೆ ಬಿಸಿಲಿನ ಜಾಗ ಎಂದು ಹಿರಿಯರು ಆಗಲೇ ನೋಡಿ ಇಟ್ಟಿದ್ದಾರೆ. ಒಂದೇ ಎಚ್ಚರ, ಅಡಿಕೆ ಬೇಯಿಸುವ ಒಲೆಯ ಹೊಗೆ ಅತ್ತ ಬಡಿಯಬಾರದು. ಹೊಗೆಯ ಜಿಡ್ಡು ಮಳೆಗೂ ಹೋಗುವುದಿಲ್ಲ.

ಬ್ಯಾಟರಿಗೆ ಮತ್ತೆ ಬರುತ್ತೇನೆ, ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಅಲ್ಲೇ. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎರಡು ತಂದಿರಿ ಎನ್ನಿ. ಗುಣಿಸಿದರೆ 3600, ಮೂರೂವರೆ ಯೂನಿಟ್ಟಿಗೆ ತುಸು ಮೇಲೆ. ಅದು ಪಾಸ್‌ಬುಕ್ಕಿನಲ್ಲಿ ಬರೆದ ಮೊತ್ತ. ತೆಗೆಯಬಹುದಾದದ್ದು ಅರ್ಧ, 1800. ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಆಯುಷ್ಯ ಬೇಗ ಬೇಗ ತೀರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇಕಡಾ 80, 90ರಷ್ಟು ತೆಗೆದರೂ ಅದು ಮುನಿಯುವುದಿಲ್ಲ. ನಾನು ಈಗ ಇಟ್ಟಿರುವುದು 51.2 ವೋಲ್ಟ್, 100 ಆಂಪಿಯರ್-ಅವರ್, ಐದು ಯೂನಿಟ್ಟಿನದ್ದು. ನಾಲ್ಕು ಯೂನಿಟ್ಟು ಧಾರಾಳವಾಗಿ ಬಳಸುತ್ತೇನೆ. ಕ್ರಯ ಹೆಚ್ಚು, ಸುಳ್ಳು ಹೇಳುವುದಿಲ್ಲ. ಆದರೆ ಮಲೆನಾಡಿನವನಾಗಿ ಅದಕ್ಕೆ ಕೈಮುಗಿಯುವುದು ಬೇರೆ ಕಾರಣಕ್ಕೆ. ಅರೆಹೊಟ್ಟೆ ಅದಕ್ಕೆ ರೋಗವಲ್ಲ. ಮಳೆಗಾಲವಿಡೀ ಅರ್ಧ ತುಂಬಿ ಅರ್ಧ ಖಾಲಿ ಇದ್ದರೂ ಹರಳುಗಟ್ಟುವ ಸಲ್ಫೇಟ್ ಅದರಲ್ಲಿ ಇಲ್ಲವೇ ಇಲ್ಲ. ಬಯಲುಸೀಮೆಯವರು ಟ್ಯೂಬುಲರ್ ಇಟ್ಟುಕೊಂಡು ಸುಖವಾಗಿರಬಹುದು. ನಮ್ಮ ಕಡೆಯವರು ಸಾಲ ಮಾಡಿಯಾದರೂ ಲಿಥಿಯಂ ತರುವುದೇ ಒಳ್ಳೆಯದೆಂಬುದು ನನ್ನ ತೀರ್ಮಾನ.

ಟ್ಯೂಬುಲರ್ ಇದ್ದವರಿಗೆ ಎರಡು ಮಾತು. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಒಮ್ಮೆ ನಾನು ಊರಿನಲ್ಲಿಲ್ಲದಾಗ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು, 'ನಿಮ್ಮ ಬಾವಿ ನೀರಿನಷ್ಟು ಶುದ್ಧ ಯಾವುದಿದೆ' ಎಂದು ಒಂದು ಚೊಂಬು ತಂದು ಆರೂ ಮುಚ್ಚಳದೊಳಗೆ ಹೊಯ್ದುಬಿಟ್ಟರು. ಕುಡಿಯಲು ಶುದ್ಧವಾದದ್ದು ಬ್ಯಾಟರಿಗೆ ಶುದ್ಧವಲ್ಲ. ಬಾವಿ ನೀರಿನ ಖನಿಜ ತಟ್ಟೆಗೆ ವಿಷ. ಅತಿಥಿಗೆ ಏನು ಹೇಳುವುದು? ಕಾಫಿ ಕೊಟ್ಟು ಕಳಿಸಿದೆವು. ಎರಡನೆಯದು, ಹಳೆಯ ಬ್ಯಾಟರಿಯ ಜೊತೆಗೆ ಹೊಸದನ್ನು ಕಟ್ಟಬೇಡಿ. ಮುದಿ ಎತ್ತಿನ ಜೊತೆ ನೊಗ ಹೊತ್ತ ಹೋರಿಯೂ ವರ್ಷದೊಳಗೆ ಮುದಿಯಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಆದ್ದರಿಂದ ದೇವರ ಕೋಣೆಯ ಪಕ್ಕ, ದೀಪ ಹಚ್ಚುವಲ್ಲಿ, ಮಲಗುವಲ್ಲಿ ಇಡಬೇಡಿ.

ಸಿಡಿಲನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ನಮ್ಮಲ್ಲಿ ಬರಿಗೈಯಲ್ಲಿ ಹೋಗುವುದಿಲ್ಲ. ಪ್ಯಾನೆಲ್ ಚೌಕಟ್ಟಿಗೆ ಒಂದು, ಮನೆಯ ವೈರಿಂಗಿಗೆ ಒಂದು, ಸಿಡಿಲು ತಡೆಗೆ ಒಂದು, ಹೀಗೆ ಮೂರು ಅರ್ತಿಂಗ್ ಗುಂಡಿ ಬೇರೆ ಬೇರೆ ಬೇಕು. ಖರ್ಚು ಉಳಿಸಲು ಎಲ್ಲವನ್ನೂ ಒಂದಕ್ಕೇ ಕಟ್ಟುತ್ತೇನೆಂದು ಹೇಳುವವರನ್ನು ವಾಪಸು ಕಳಿಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಆಗ ಅರ್ತಿಂಗ್ ಹಿಡಿಯುವುದಿಲ್ಲ. ಮಾರ್ಚಿನಿಂದ ವಾರಕ್ಕೊಮ್ಮೆ ಆ ಗುಂಡಿಗಳಿಗೆ ಒಂದೊಂದು ಕೊಡ ನೀರು ಹೊಯ್ಯುವುದು ನಮ್ಮ ಮನೆಯಲ್ಲಿ ತುಳಸಿಗೆ ನೀರು ಹಾಕಿದಷ್ಟೇ ಕ್ರಮ.

ಪೇಟೆಯಲ್ಲಿರುವವರಿಗೆ ಒಂದು ಎಚ್ಚರಿಕೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಲೈನಿಗೆ ಸೇರಿಸುವ ಸೋಲಾರ್‌ಗೆ ಸಹಾಯಧನ ಇದೆ. ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000. ಸೌರಕೋಶ ನಮ್ಮ ದೇಶದಲ್ಲೇ ತಯಾರಾದ ಪ್ಯಾನೆಲ್ ಆಗಬೇಕೆಂಬ ಷರತ್ತಿದೆ. ನಮ್ಮ ಭಾವನೊಬ್ಬ ಶಿವಮೊಗ್ಗದಲ್ಲಿ ಮೂರು ಕಿಲೋವ್ಯಾಟ್ ಹಾಕಿಸಿದ. ತಿಂಗಳೊಳಗೆ ಫೋನು ಬಂತು. 'ಭಾವ, ನಡುಮಧ್ಯಾಹ್ನ, ತಲೆ ಮೇಲೆ ಬಿಸಿಲು, ತಾರಸಿ ಮೇಲೆ ಪ್ಯಾನೆಲ್ಲು, ಮನೆಯೊಳಗೆ ಕರೆಂಟಿಲ್ಲ! ಮೋಸ ಹೋದೆ ಮಾರಾಯ.' ಮೋಸವಲ್ಲ ಅದು. ಬ್ಯಾಟರಿ ಇಲ್ಲದ, ಲೈನಿಗೆ ಕೊಡುವ ಇನ್ವರ್ಟರ್ ಲೈನು ಹೋದ ಕೂಡಲೇ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ತಾರಸಿಯ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ತೆಗೆಯುತ್ತದೆ. ನಿಲ್ಲುವುದೇ ಸರಿ. ಭಾವನಿಗೆ ಇದನ್ನು ಮೊದಲೇ ಯಾರೂ ಹೇಳದೆ ಇದ್ದದ್ದು ತಪ್ಪು. ಕರೆಂಟು ಹೋದಾಗಲೂ ಮನೆ ಬೆಳಗಬೇಕಾದರೆ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಬೇಕು. ಲೈನು ಹೋದಾಗ ಅದು ಮನೆಯನ್ನು ತಂತಿಯಿಂದ ಬೇರೆ ಮಾಡಿಕೊಂಡು ಒಳಗೊಳಗೇ ನಡೆಸುತ್ತದೆ.

ಹಾಗಾದರೆ ಲಾಭವೇನು ಎಂದು ಕೇಳುತ್ತೀರಿ. ಲೆಕ್ಕಿಗನಾಗಿ ನೇರವಾಗಿ ಹೇಳುತ್ತೇನೆ. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಹೆಚ್ಚಿನ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಸೊನ್ನೆಯಲ್ಲಿ ಉಳಿಸುವುದೇನು? ನಮ್ಮಂಥ ಹಳ್ಳಿಮನೆಗೆ ಬಿಲ್ಲು ಉಳಿತಾಯದಿಂದ ಬ್ಯಾಟರಿಯ ದುಡ್ಡು ಹುಟ್ಟುವುದಿಲ್ಲ. ಹುಟ್ಟುತ್ತದೆಂದು ಯಾರಾದರೂ ಕಾಗದದ ಮೇಲೆ ತೋರಿಸಿದರೆ ಆ ಕಾಗದ ನನಗೆ ತನ್ನಿ, ತಪ್ಪು ಎಲ್ಲಿದೆಯೆಂದು ನಾನು ಹುಡುಕಿಕೊಡುತ್ತೇನೆ. ನಾವು ಕೊಳ್ಳುತ್ತಿರುವುದು ಕತ್ತಲೆಯಿಂದ ಬಿಡುಗಡೆ. ಅದಕ್ಕೆ ಎಷ್ಟು ಕೊಡಬಹುದೆಂದು ಅವರವರ ಮನೆಯಲ್ಲಿ ಕೂತು ತೀರ್ಮಾನಿಸಬೇಕು.

ಹಾಕಿಸಿದ ಮೇಲೆ ಬದಲಾಗುವುದು ಮನೆಯ ವೇಳಾಪಟ್ಟಿ. ಬ್ಯಾಟರಿ ತುಂಬಿದ ಮೇಲೆ ಬರುವ ಬಿಸಿಲು, ಲೈನಿಗೆ ಕೊಡದಿದ್ದರೆ, ದಂಡ. ನಮ್ಮಲ್ಲಿ ಬೇಸಿಗೆಯಲ್ಲಿ ಹನ್ನೊಂದಕ್ಕೆಲ್ಲ ತುಂಬಿಬಿಡುತ್ತದೆ. ಆದ್ದರಿಂದ ದೋಸೆಗೆ ಅರೆಯುವುದು, ಬಟ್ಟೆ ಒಗೆಯುವ ಮೆಷಿನ್ನು, ಟ್ಯಾಂಕಿಗೆ ನೀರು ಏರಿಸುವುದು, ಎಲ್ಲವೂ ಈಗ ಹನ್ನೊಂದರಿಂದ ಎರಡರೊಳಗೆ. ಮನೆಯವಳು ಮೊದಲು ಗೊಣಗಿದಳು, 'ಸೂರ್ಯನ ಮನೆಗೆಲಸಕ್ಕೆ ಸೇರಿದ ಹಾಗಾಯ್ತು' ಎಂದು. ಈಗ ಮೋಡ ಕವಿದರೆ ಗ್ರೈಂಡರ್ ನಿಲ್ಲಿಸುವವಳು ಅವಳೇ. ಮೀಟರಿನ ಅಂಕಿ ನನಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ.

ಮೃಗಶಿರಾ ಮಳೆ ಹಿಡಿಯುವ ಮೊದಲು ಮಾಡಬೇಕಾದದ್ದು ಇಷ್ಟು. ಹೊಸದಾಗಿ ಹಾಕಿಸಬೇಕೆನ್ನುವವರು ಯಾರನ್ನೂ ಮನೆಗೆ ಕರೆಸುವ ಮೊದಲು ಒಂದು ವಾರ ಪುಸ್ತಕ ಹಿಡಿದು, ಯಾವ ಸಾಮಾನು ಎಷ್ಟು ವ್ಯಾಟು, ಎಷ್ಟು ಗಂಟೆ ಎಂದು ಬರೆದಿಡಿ. ಸೀಸ-ಆಸಿಡ್ ಬ್ಯಾಟರಿ ಇದ್ದವರು ಈ ಭಾನುವಾರವೇ ಮುಚ್ಚಳ ತೆಗೆದು ನೀರು ನೋಡಿ.